ಅಟ್ಟದಿಂದ ಇಳಿಸಿದ ಬಾರ್ಬಿಯ ಕೂದಲು ಉಳಿಸಿಕೊಳ್ಳುವುದು ಹೇಗೆ?

ಹಳೆಯ ಬಾರ್ಬಿ ಬೊಂಬೆಗಳು ಅಟ್ಟದ ಮೇಲಿನ ಟ್ರಂಕಿನಲ್ಲಿ ವರ್ಷಗಟ್ಟಲೆ ಇದ್ದರೂ ಅವುಗಳ ಕೂದಲು ಅಷ್ಟೇನೂ ಕೆಡುವುದಿಲ್ಲ. ಕೆಡುವುದು ಕೆಳಗಿಳಿಸಿ ತೊಳೆದ ದಿನ. ನವರಾತ್ರಿ ಹತ್ತಿರ ಬಂತೆಂದರೆ ಮೈಸೂರು, ಮಂಡ್ಯದ ಮನೆಗಳಲ್ಲಿ ಪಟ್ಟದ ಬೊಂಬೆಗಳ ಜತೆಗೆ ಇವೂ ಹೊರಬರುತ್ತವೆ. ಅವಸರದಲ್ಲಿ ಕುದಿಯುವ ನೀರಿಗೆ ಅದ್ದಿದ ತಲೆ, ಎಣ್ಣೆ ಹಚ್ಚಿ ಬಾಚಿದ ಕೂದಲು ಮತ್ತೆ ಮೊದಲಿನಂತಾಗುವುದಿಲ್ಲ. ಬಾಲ್ಯದ ಬೊಂಬೆಗಳನ್ನು ಸಂಗ್ರಹಿಸಲು ಹೊರಟವರು ಕೊಳ್ಳುವುದಕ್ಕಿಂತ ಮೊದಲು ಕಲಿಯಬೇಕಾದದ್ದು ತೊಳೆಯುವುದನ್ನು.

ಯಾವುದನ್ನು ಸಂಗ್ರಹಿಸಬೇಕು ಎಂಬುದಕ್ಕೆ ಒಂದೇ ಮಾತು: ನೀವು ಆಡಿದ ಕಾಲದ್ದನ್ನು. ಬಾರ್ಬಿ ನ್ಯೂಯಾರ್ಕಿನಲ್ಲಿ ಮೊದಲು ಕಾಣಿಸಿಕೊಂಡದ್ದು 1959ರಲ್ಲಿ. ಆ ಕಾಲದ ಬೊಂಬೆಗಳ ಬೆನ್ನು ಹತ್ತಿದರೆ ಹಣ ಕರಗುತ್ತದೆಯೇ ಹೊರತು ನಿಮ್ಮ ನೆನಪಿನ ಬೊಂಬೆ ಸಿಗುವುದಿಲ್ಲ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರ ಕೈಗೆ ಬಂದದ್ದು ಹೆಚ್ಚಾಗಿ ಲಿಯೋ ಮ್ಯಾಟೆಲ್ ಹೆಸರಿನ ಡಬ್ಬಿಯಲ್ಲಿ ಬರುತ್ತಿದ್ದ, ಭಾರತದಲ್ಲೇ ತಯಾರಾದ ಬೊಂಬೆಗಳು. ಸೀರೆ ಉಟ್ಟು ಹಣೆಗೆ ಬಿಂದಿ ಇಟ್ಟ ಬಾರ್ಬಿಯೂ ಅದರಲ್ಲೇ ಬಂದದ್ದು. ಜಾತ್ರೆಯಲ್ಲೋ ದಸರಾ ವಸ್ತುಪ್ರದರ್ಶನದಲ್ಲೋ ಕೊಡಿಸಿದ ನಕಲಿ ಬೊಂಬೆಯೇ ನಿಮ್ಮದಾಗಿದ್ದರೆ ಅದನ್ನೂ ಧೈರ್ಯವಾಗಿ ಇಟ್ಟುಕೊಳ್ಳಿ. ಅಸಲಿಯ ಬೆಲೆ ಮಾತ್ರ ತೆರಬೇಡಿ. ನಕಲಿಯ ಮೈ ಒಳಗೆ ಟೊಳ್ಳು, ಕೈಯಲ್ಲಿ ಹಿಡಿದರೆ ತೀರಾ ಹಗುರ, ಪಕ್ಕದಲ್ಲಿ ಅಚ್ಚಿನ ಜೋಡಣೆಯ ಗೆರೆ ಎದ್ದು ಕಾಣುತ್ತದೆ.

ಇಸವಿ ನೋಡಿ ಮೋಸಹೋಗಬೇಡಿ

ಬೊಂಬೆಯ ಸೊಂಟದ ಹಿಂದೆ 1966 ಎಂದು ಅಚ್ಚಾಗಿದ್ದರೆ ಅದು ಆ ವರ್ಷದ ಬೊಂಬೆಯೇ ಆಗಿರಬೇಕಿಲ್ಲ. ಅದು ಆ ಮೈಯ ವಿನ್ಯಾಸಕ್ಕೆ ಹಕ್ಕು ಪಡೆದ ವರ್ಷ. ತೊಂಬತ್ತರ ದಶಕದ ಬೊಂಬೆಗಳಲ್ಲೂ ಅದೇ ಅಂಕಿ ಇರುತ್ತದೆ. ತಲೆಯ ಹಿಂಭಾಗದ 1976 ಕೂಡ ಹಾಗೆಯೇ, ಅದು ಮುಖದ ಅಚ್ಚಿನ ವರ್ಷ. 'ಅರವತ್ತರ ದಶಕದ್ದು, ಅಪರೂಪ' ಎಂದು ಮಾರುವವರು ತೋರಿಸುವುದು ಇದೇ ಅಂಕಿಯನ್ನು. ಇಸವಿಯ ಜತೆ ದೇಶದ ಹೆಸರು, ಕಣ್ಣಿನ ಬಣ್ಣ ಬರೆದಿರುವ ರೀತಿ, ಬಟ್ಟೆಗೆ ಟಿಚ್ ಬಟನ್ ಇದೆಯೋ ವೆಲ್ಕ್ರೋ ಇದೆಯೋ ಎಲ್ಲವನ್ನೂ ಸೇರಿಸಿ ನೋಡಬೇಕು.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ನಾಲ್ಕು ಫೋಟೊ ಕೇಳಿ: ನೆತ್ತಿ, ಮಂಡಿಯ ಹಿಂಭಾಗ, ಅಂಗೈ ಮತ್ತು ಅಂಗಾಲು. ಮಕ್ಕಳು ಕಚ್ಚಿದ ಗುರುತು ಇರುವುದು ಕೈಕಾಲುಗಳಲ್ಲೇ. ಕೂದಲು ಕತ್ತರಿಸಿದ್ದರೆ ಬಿಟ್ಟುಬಿಡಿ. ಡಬ್ಬಿಗೆಂದು ಹೆಚ್ಚಿನ ದುಡ್ಡು ಕೊಡುವುದೂ ದಂಡ.

ಮೈ ತೊಳೆಯುವುದು

ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು. ಇಷ್ಟು ಸಾಕು. ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ. ಅದರಲ್ಲಿರುವ ಅಸಿಟೋನ್ ಎದೆಭಾಗದ ಗಟ್ಟಿ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ, ಮುಖದ ಬಣ್ಣವನ್ನಂತೂ ಒಂದೇ ಒರೆಗೆ ಎತ್ತಿಬಿಡುತ್ತದೆ. ಬಾಲ್‌ಪೆನ್ ಗೀರಿಗೆ ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಮುಲಾಮು ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಗೀರಿನ ಮೇಲೆ ಮಾತ್ರ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಿಸಿಲಿಗಿಡಿ. ಗಂಟೆಗೊಮ್ಮೆ ನೋಡುತ್ತಿರಿ, ಮರೆತರೆ ಆ ಜಾಗ ಬಿಳಿಚಿಕೊಳ್ಳುತ್ತದೆ. ಮುಖಕ್ಕೆ, ಕೂದಲಿಗೆ, ಬಟ್ಟೆಗೆ ಇದು ತಾಗಕೂಡದು.

ಕಾಲು ಅಂಟಂಟಾಗಿದ್ದರೆ ಅದು ಕೊಳೆಯಲ್ಲ. ವಿನೈಲ್ ಎಂಬ ಪ್ಲಾಸ್ಟಿಕ್ ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ವಸ್ತು ಹೊರಗೆ ಒಸರುತ್ತಿದೆ ಎಂದರ್ಥ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ತೆಳ್ಳಗೆ ಕಾರ್ನ್‌ಫ್ಲೋರ್ ಸವರಿ. ಕೆಲ ತಿಂಗಳಿಗೆ ಮತ್ತೆ ಅಂಟಾಗುತ್ತದೆ, ಮತ್ತೆ ಒರೆಸಬೇಕು. ಕಿವಿಯಲ್ಲಿ ಲೋಹದ ಓಲೆ ಇದ್ದರೆ ಇವತ್ತೇ ತೆಗೆಯಿರಿ. ತಾಮ್ರದ ಹಸಿರು ಒಮ್ಮೆ ಕಿವಿಯೊಳಗೆ ಇಳಿದರೆ ಹೋಗುವುದು ಕಷ್ಟ.

ಕೂದಲು: ಕೆಡುವುದೇ ಇಲ್ಲಿ

ಮೊದಲು ಕೂದಲು ಯಾವ ಜಾತಿಯದೆಂದು ತಿಳಿಯಬೇಕು. ಸಾರನ್ ಎಂಬ ಎಳೆ ನುಣುಪು, ತೂಕದ್ದು, ಬೆರಳ ನಡುವೆ ಜಾರುತ್ತದೆ. ಕನೆಕಲಾನ್ ಹಗುರ, ಒಣಒಣ, ಉಣ್ಣೆಯ ಹಾಗೆ. ಅಗ್ಗದ ಬೊಂಬೆಗಳ ಪಾಲಿಪ್ರೊಪಿಲೀನ್ ಬಿರುಸು, ಹಿಂಡಿದರೆ ಹಿಂಡಿದ ಹಾಗೇ ನಿಲ್ಲುತ್ತದೆ. ಬಿಸಿ ನೀರು ತಾಳುವುದು ಸಾರನ್ ಮತ್ತು ನೈಲಾನ್. ಕನೆಕಲಾನ್‌ಗೆ ಕೈ ಸುಡದಷ್ಟು ಬಿಸಿ ಮಾತ್ರ. ಪಾಲಿಪ್ರೊಪಿಲೀನ್ ಕೂದಲಿಗೆ ಬಿಸಿಯೇ ಬೇಡ, ಶ್ಯಾಂಪೂ ಹಾಕಿ ಬಾಚಿ ಬಿಟ್ಟುಬಿಡಿ. ಅನುಮಾನ ಬಂದರೆ ಕತ್ತಿನ ಹಿಂದಿನ ನಾಲ್ಕೆಳೆಯ ಮೇಲೆ ಪರೀಕ್ಷಿಸಿ. ಸುರುಟಿಕೊಂಡರೆ ಅಲ್ಲಿಗೇ ನಿಲ್ಲಿಸಿ.

ತೆಂಗಿನೆಣ್ಣೆ ಖಂಡಿತ ಬೇಡ. ಬೊಂಬೆಯ ಕೂದಲು ಎಣ್ಣೆ ಹೀರುವುದಿಲ್ಲ, ಎಣ್ಣೆ ಮೇಲೆಯೇ ನಿಂತು ಕಮಟು ಹಿಡಿದು ಧೂಳು ಕಟ್ಟುತ್ತದೆ. ಸೀಗೆಪುಡಿಯೂ ಬೇಡ, ಬುಡದ ತೂತುಗಳಲ್ಲಿ ಪುಡಿ ಸೇರಿಕೊಂಡರೆ ತೆಗೆಯಲಾಗದು.

ಶ್ಯಾಂಪೂವಿನಲ್ಲಿ ತೊಳೆದ ಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಬಟ್ಟೆಗೆ ಹಾಕುವ ಕಂಡೀಷನರ್ ಬೆರೆಸಿ, ಕೂದಲನ್ನಷ್ಟೇ ಹದಿನೈದು ನಿಮಿಷ ನೆನೆಸಿ. ಎಡಗೈಯಲ್ಲಿ ಕೂದಲನ್ನು ಬುಡದ ಹತ್ತಿರ ಬಿಗಿಯಾಗಿ ಹಿಡಿದು, ತುದಿಯ ಅರ್ಧ ಇಂಚಿನಿಂದ ಸಿಕ್ಕು ಬಿಡಿಸಲು ಶುರುಮಾಡಿ. ತುದಿ ಸಲೀಸಾದ ಮೇಲೆ ಅರ್ಧ ಇಂಚು ಮೇಲೆ. ಬುಡದಿಂದ ಎಳೆದರೆ ಎಳೆಗಳು ಗೊಂಚಲಾಗಿ ಕಿತ್ತು ಬರುತ್ತವೆ, ಬೈತಲೆಯಲ್ಲಿ ಬೋಳು ಕಾಣುತ್ತದೆ. ಬಾಚಣಿಗೆ ಲೋಹದ್ದಿರಲಿ. ಪ್ಲಾಸ್ಟಿಕ್ ಬಾಚಣಿಗೆಯ ಹಲ್ಲಿನ ಅಂಚು ಎಳೆಯನ್ನು ಕೀಸುತ್ತದೆ.

ಇನ್ನು ಬಿಸಿ ತಾಳುವ ಕೂದಲನ್ನು ನೇರ ಮಾಡುವುದು. ನೀರು ಕುದಿದ ಮೇಲೆ ಇಳಿಸಿ, ಮೂರು ನಿಮಿಷ ಬಿಡಿ. ಬೊಂಬೆಯನ್ನು ಮುಖ ಮೇಲಾಗಿ ಮಲಗಿಸಿ ಹಿಡಿದು, ಹಿಂದಕ್ಕೆ ಇಳಿಬಿದ್ದ ಕೂದಲಿನ ಮೇಲೆ ಚೊಂಬಿನಿಂದ ನಿಧಾನವಾಗಿ ಹೊಯ್ಯಿರಿ. ತಲೆಯನ್ನು ಪಾತ್ರೆಗೆ ಅದ್ದಬೇಡಿ. ಬಿಸಿಗೆ ಮೆತ್ತಗಾದ ಕೆನ್ನೆ ಅದುಮಿಕೊಂಡರೆ ಹಾಗೇ ಗಟ್ಟಿಯಾಗಬಹುದು. ಎಳೆ ಬಿಸಿಯಿರುವಾಗಲೇ ಬಾಚಿ ನೇರ ಮಾಡಿ, ತಕ್ಷಣ ತಣ್ಣೀರು ಹೊಯ್ಯಿರಿ. ಎಳೆ ಆಕಾರ ಹಿಡಿಯುವುದು ಆ ತಣ್ಣೀರಿನಲ್ಲೇ, ಇದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಗುಂಗುರು ಬೇಕಿದ್ದವರು ಕತ್ತರಿಸಿದ ಸ್ಟ್ರಾಗೆ ಕೂದಲು ಸುತ್ತಿ, ಟಿಶ್ಯೂ ಕಾಗದದಿಂದ ತುದಿ ಮುಚ್ಚಿ ಇದೇ ಕ್ರಮ ಅನುಸರಿಸಬಹುದು. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಮುಟ್ಟಲೇಬೇಡಿ.

ತೊಳೆದ ಮೇಲೆ ತಲೆಯನ್ನು ಮೆಲ್ಲಗೆ ಅದುಮಿ ಒಳಗೆ ಸೇರಿದ ನೀರು ಹೊರಹಾಕಿ, ಫ್ಯಾನಿನ ಗಾಳಿಯಲ್ಲಿ ಎರಡು ದಿನ ಒಣಗಿಸಿ. ಮಳೆಗಾಲದಲ್ಲಿ ಒಳಗಿನ ತೇವ ಬೂಷ್ಟಿಗೆ ದಾರಿ. ಒಣಗಿ ಕೆಲವು ವಾರಗಳಲ್ಲಿ ಬುಡ ಮತ್ತೆ ಜಿಗುಟಾದರೆ ತಪ್ಪು ನಿಮ್ಮದಲ್ಲ, ಕಾರ್ಖಾನೆಯಲ್ಲೇ ತಲೆಯೊಳಗೆ ಹಾಕಿದ ಅಂಟು ಒಸರುತ್ತಿದೆ. ಅದಕ್ಕಾಗಿ ತಲೆ ಕೀಳಲು ಹೋಗಬೇಡಿ. ಕತ್ತಿನ ಗುಬುಟು ಸೀಳಿದರೆ ಯಾವ ಅಂಟೂ ಅದನ್ನು ಸರಿಯಾಗಿ ಹಿಡಿಯದು.

ಇಡುವುದು

ಹಲವು ಸಲ ಒಗೆದ ಬಿಳಿ ಪಂಚೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತಿ. ಕೆಂಪು, ಕಡುನೀಲಿ ಉಡುಪು ಬಿಚ್ಚಿ ಬೇರೆ ಇಡಿ, ಬಣ್ಣ ವಿನೈಲಿಗೆ ಇಳಿಯುತ್ತದೆ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ರಬ್ಬರ್ ಬ್ಯಾಂಡು, ರೆಕ್ಸಿನ್ ಚೀಲ, ದಿನಪತ್ರಿಕೆಯ ಹಾಳೆ ಇವೂ ಬೇಡ. ಸಿಲಿಕಾ ಜೆಲ್ ಪೊಟ್ಟಣ ಎರಡು ಸಾಕು.

ಬೊಂಬೆ ಹಬ್ಬದ ಮೆಟ್ಟಿಲಿಗೆ ಏರಿಸುವವರು ದೀಪದಿಂದಲೂ ಸೀರಿಯಲ್ ಸೆಟ್ಟಿನ ಬಲ್ಬುಗಳಿಂದಲೂ ದೂರ ನಿಲ್ಲಿಸಿ. ಅರಿಸಿನ ಕುಂಕುಮವನ್ನು ಪಟ್ಟದ ಬೊಂಬೆಗಳಿಗೆ ಇಡಿ, ಬಾರ್ಬಿಯ ಹಣೆಗೆ ಬೇಡ. ವಿನೈಲಿಗೆ ಇಳಿದ ಅರಿಸಿನ ಬಿಸಿಲಿಗೆ ಸ್ವಲ್ಪ ಮಾಸೀತು, ಕುಂಕುಮದ ಬಣ್ಣ ಹೋಗುವ ಭರವಸೆಯಿಲ್ಲ.