ಡ್ರೈವರ್ ಡಿಕ್ಕಿಯಲ್ಲೇ ಇರಲಿ: ಹೊಸಬರಿಗೆ ಗಾಲ್ಫ್ ಹುಚ್ಚು ಹತ್ತಿಸಿದ ನನ್ನ ಅನುಭವ

ಹೊಸಬರ ಕೈಗೆ ಮೊದಲ ದಿನ ಪಟರ್ (ಚೆಂಡನ್ನು ಹೋಲ್‌ಗೆ ಉರುಳಿಸುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಕೊಡುತ್ತೇನೆ ಅಂದಾಗ ಜೊತೆಯ ಕೋಚ್‌ಗಳು ನಕ್ಕಿದ್ದರು. "ಜನ ದುಡ್ಡು ಕೊಡೋದು ದೂರ ಹೊಡೆಯೋಕೆ, ಮೂರಡಿ ಉರುಳಿಸೋಕಲ್ಲ. ಎರಡೇ ವಾರಕ್ಕೆ ಎಲ್ಲ ಖಾಲಿ" ಅಂದರು. ಆ ಮಾತಿಗೆ ನಾಲ್ಕು ವರ್ಷ ಆಗಿರಬೇಕು. ನಕ್ಕವರಲ್ಲಿ ಇಬ್ಬರು ಈಗ ತಮ್ಮ ತರಗತಿಯನ್ನೂ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗ) ಮೇಲೇ ಶುರು ಮಾಡುತ್ತಾರೆ. ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ ಅಲ್ವಾ?

ಸೋತ ಕಥೆಯೂ ಇದೆ. ಮೊದಮೊದಲು ನಾನೂ ಗ್ರಿಪ್, ನಿಲುವು, ಭುಜ ಅಂತ ಮೂರು ವಾರ ಕೊರೆಯುತ್ತಿದ್ದೆ. ಹತ್ತು ಜನ ಸೇರಿದರೆ ಎರಡು ತಿಂಗಳಿಗೆ ಮೂವರು ಉಳಿಯುತ್ತಿದ್ದರು. ಆಮೇಲೆ ಜಾಣತನ ಮಾಡಲು ಹೋಗಿ ಮೊದಲ ದಿನವೇ ಡ್ರೈವರ್, ಅಂದರೆ ಬಹುದೂರ ಹೊಡೆಯುವ ಉದ್ದನೆಯ ಕ್ಲಬ್ ಕೊಟ್ಟೆ. ಅದು ಇನ್ನೂ ಕೆಟ್ಟಿತು. ಒಂದು ಬಕೆಟ್‌ನಲ್ಲಿ ಎರಡೋ ಮೂರೋ ಚೆಂಡು ಹಾರಿದರೆ ಹೆಚ್ಚು. ಉಳಿದದ್ದರ ನೆತ್ತಿಗೆ ಏಟು ಬಿದ್ದು ನೆಲದಲ್ಲೇ ಓಡುತ್ತಿದ್ದವು. ಅಂಗೈಗೆ ಬೊಬ್ಬೆ ಬಂದವರು ಮರುವಾರ ಬರಲೇ ಇಲ್ಲ. ಒಬ್ಬರಂತೂ ಸೇರಿದ ವಾರವೇ 14 ಕ್ಲಬ್‌ಗಳ ಪೂರ್ತಿ ಸೆಟ್ ಕೊಂಡರು. ಮೂರು ತಿಂಗಳಾದ ಮೇಲೆ ಅರ್ಧ ಬೆಲೆಗೂ ಯಾರೂ ಕೇಳಲಿಲ್ಲ ಅಂತ ನನ್ನನ್ನೇ ಬೈದರು. ಆ ವರ್ಷ ನಾನು ವಾಪಸ್ ಕೊಟ್ಟ ಫೀಸು ಹೆಚ್ಚುಕಮ್ಮಿ ಎರಡು ತಿಂಗಳ ಗಳಿಕೆ.

ಒಂದು ಸಂಜೆ ದೂರ ಹೊಡೆದು ಅಭ್ಯಾಸ ಮಾಡುವ ರೇಂಜ್ ದುರಸ್ತಿಗೆ ಅಂತ ಮುಚ್ಚಿತ್ತು. ಬೇರೆ ದಾರಿ ಕಾಣದೆ ಆರು ಜನರನ್ನು ಪಟಿಂಗ್ ಗ್ರೀನ್‌ಗೆ ಕರೆದುಕೊಂಡು ಹೋದೆ. "ಇವತ್ತೇ ಕೊನೆ, ನನ್ನ ಕೈಲಾಗಲ್ಲ" ಅಂತ ಹೇಳಿಯೇ ಬಂದಿದ್ದ ಹೆಂಗಸೊಬ್ಬರಿದ್ದರು. ಮೂರಡಿಯಿಂದ ತಳ್ಳಿದ ಚೆಂಡು ಹೋಲ್‌ನ ಅಂಚಿನಲ್ಲಿ ಅರ್ಧ ಸುತ್ತು ತಿರುಗಿ ಲೊಟಕ್ಕನೆ ಬಿತ್ತು. ಅವರು ಏನೂ ಮಾತಾಡಲಿಲ್ಲ. ಬಗ್ಗಿ ಚೆಂಡು ತೆಗೆದರು, ಅದೇ ಜಾಗಕ್ಕೆ ಹೋಗಿ ಮತ್ತೆ ಇಟ್ಟರು. ಕತ್ತಲಾದ ಮೇಲೆ ನಾನೇ ಮನೆಗೆ ಕಳಿಸಬೇಕಾಯಿತು.

ಅವತ್ತಿಂದ ಕ್ರಮ ತಲೆಕೆಳಗು. ಮೂರಡಿ, ಆಮೇಲೆ ಗ್ರೀನ್ ಪಕ್ಕದಿಂದ ಚಿಪ್ (ಚೆಂಡನ್ನು ಚೂರು ಎತ್ತಿ ಹಾಕುವ ಸಣ್ಣ ಏಟು), ಆಮೇಲೆ 30 ಗಜ. ಮೂರನೇ ವಾರ ಗ್ರೀನ್‌ಗೆ ಹೋಗುವ ಹುಲ್ಲಿನ ದಾರಿಯಲ್ಲಿ, ಅಂದರೆ ಫೇರ್‌ವೇಯಲ್ಲಿ, 100 ಗಜಕ್ಕೆ ಗೂಟ ನೆಟ್ಟು "ಇದೇ ನಿಮ್ಮ ಟೀ, ಆಟ ಶುರು ಮಾಡೋ ಜಾಗ" ಅನ್ನುತ್ತೇನೆ. ಪಟರ್, ಪಿಚಿಂಗ್ ವೆಜ್, ಸೆವೆನ್ ಐರನ್, ಈ ಮೂರೇ ಕ್ಲಬ್ ಸಾಕು. ಇದೇನು ನಾನು ಕಂಡುಹಿಡಿದ ವಿದ್ಯೆ ಅಲ್ಲ. ಅರ್ಲ್ ವುಡ್ಸ್ ತಮ್ಮ ಮಗ ಟೈಗರ್‌ಗೆ ಕಲಿಸಿದ್ದೂ ಗ್ರೀನ್‌ನಿಂದ ಹಿಂದಕ್ಕೇ. ಪಾರ್ 72ರ (18 ಹೋಲ್ ಮುಗಿಸಲು ನಿಗದಿಯಾದ 72 ಏಟು) ಲೆಕ್ಕದಲ್ಲಿ ಹೋಲ್‌ಗೆ ಎರಡರಂತೆ 36 ಏಟು ಪಟಿಂಗ್‌ಗೇ ಹೋಗುತ್ತದೆ. ಆದರೂ ಎಲ್ಲರೂ ಅದನ್ನು ಕೊನೆಗೆ ತಳ್ಳುತ್ತೇವೆ.

ಸ್ಕೋರ್ ವಿಷಯದಲ್ಲಿ 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ನನಗೆ ವರವಾಯಿತು. ಆಟಗಾರನ ಮಟ್ಟಕ್ಕೆ ತಕ್ಕಂತೆ ಪಾರ್‌ಗಿಂತ ಎಷ್ಟು ಏಟು ಹೆಚ್ಚು ಕೊಡಬೇಕು ಅನ್ನೋ ಲೆಕ್ಕ ಅದು. ಗರಿಷ್ಠ 54, ಅಂದರೆ ಹೋಲ್‌ಗೆ ಸುಮಾರು ಮೂರು ಏಟು ಜಾಸ್ತಿ. ಪಾರ್ 4ರಲ್ಲಿ ಏಳು ಹೊಡೆದು ಮುಖ ಸಣ್ಣ ಮಾಡಿಕೊಂಡವರಿಗೆ "ಅದೇ ನಿಮ್ಮ ಪಾರ್" ಅಂದು ನೋಡಿ. ಕಳೆದ ಚೆಂಡು ಹುಡುಕಲು ನಿಯಮ ಕೊಡೋದು ಮೂರು ನಿಮಿಷ, ನಾನು ಕೊಡೋದು ಒಂದೇ. ಹುಡುಕಾಟದಲ್ಲೇ ಅರ್ಧ ಉತ್ಸಾಹ ಸೋರಿ ಹೋಗುತ್ತದೆ.

ಮಧ್ಯೆ ಕೆಲವು ಹುಚ್ಚಾಟವೂ ನಡೆಯಿತು. ಹೋಲ್ 4.25 ಇಂಚೇ ಇರೋದು, ಹೊಸಬರಿಗೆ ಸಣ್ಣದಾಯಿತು ಅನ್ನಿಸಿತು. ದೊಡ್ಡದೊಂದು ಕೊರೆಯೋಣ ಅಂದೆ. ಹುಲ್ಲು ನೋಡಿಕೊಳ್ಳುವವರು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡು ಹಗ್ಗದ ಸುತ್ತು ಹಾಕಿದೆ. ಹಗ್ಗದೊಳಗೆ ಎಲ್ಲರೂ ಶೂರರು. ನಿಜವಾದ ಹೋಲ್‌ಗೆ ಬಂದಾಗ ಧೈರ್ಯ ಕುಸಿಯಿತು. ಆಮೇಲೆ ಉಲ್ಟಾ ಮಾಡಿದೆ. ಚೆಂಡು ಇಡುವ ಪುಟ್ಟ ಮೊಳೆ, ಅದಕ್ಕೂ ಟೀ ಅಂತಲೇ ಹೆಸರು, ಒಂದನ್ನು ಚುಚ್ಚಿ ಅದಕ್ಕೆ ಚೆಂಡು ತಾಗಿಸಿ ಅಂದೆ. ಹತ್ತು ನಿಮಿಷ ಅದನ್ನು ಆಡಿ ಬಂದರೆ ಹೋಲ್ ಬಾವಿ ಥರ ಕಾಣುತ್ತದೆ. ಫೋಮ್ ಚೆಂಡುಗಳಿಗೆ ಹಾಕಿದ ದುಡ್ಡು ಮಾತ್ರ ದಂಡ. ಗಾಳಿ ಬಂದರೆ ಅವು ಹೇಳಿದ ಮಾತು ಕೇಳಲ್ಲ. ಎರಡು ಪೆಟ್ಟಿಗೆ ಇನ್ನೂ ಅಟ್ಟದ ಮೇಲಿವೆ.

ಮೊದಲ ತಿಂಗಳು ಫ್ರೀ ಅಂತಲೂ ಕೊಟ್ಟು ನೋಡಿದೆ. ಮಳೆ ಹನಿದರೂ ಸಾಕು, ಯಾರೂ ಬರುತ್ತಿರಲಿಲ್ಲ. ಈಗ ಆರು ತರಗತಿಗೆ ಸಣ್ಣ ಮೊತ್ತ, ಮುಂಗಡವಾಗಿಯೇ. ಕ್ಲಬ್ ನಾನೇ ಕೊಡುತ್ತೇನೆ. ಹಳೇ ಚೆಂಡನ್ನು ಚೀಲಗಟ್ಟಲೆ ಕೊಳ್ಳುತ್ತೇನೆ. ಆರು ತಿಂಗಳು ಸ್ವಂತ ಸೆಟ್ ಕೊಳ್ಳಲು ಬಿಡಲ್ಲ.

ಆರನೇ ವಾರ ಎಲ್ಲರಿಗೂ ಮಂಕು ಕವಿಯುತ್ತದೆ, ಕೈಬಿಡೋದು ಆಗಲೇ. ಆಗ ಇಬ್ಬಿಬ್ಬರನ್ನು ಜೋಡಿ ಮಾಡಿ ಒಂದು ಪಂದ್ಯ ಆಡಿಸುತ್ತೇನೆ. ಅದರ ನಿಯಮ ಮಾತ್ರ ಬರೆಯಲ್ಲ. ಹೊಟ್ಟೆಪಾಡು ಸ್ವಾಮಿ, ಬಿಡಿ.

ಕಳೆದ ತಂಡದ ಹನ್ನೊಂದರಲ್ಲಿ ಎಂಟು ಜನ ಇನ್ನೂ ಆಡುತ್ತಿದ್ದಾರೆ. ಹೊಸ ತಲೆನೋವೂ ಶುರುವಾಗಿದೆ. 100 ಗಜದ ಗೂಟ ಬಿಟ್ಟು ಹಿಂದಿನ ಟೀಗೆ ಬನ್ನಿ ಅಂದರೆ ನಾಲ್ಕು ಜನ ಸುತಾರಾಂ ಒಪ್ಪುತ್ತಿಲ್ಲ. ಪ್ರತಿ ವಾರ ಅವರಿಗೆ ಗೊತ್ತಾಗದ ಹಾಗೆ ಗೂಟವನ್ನು ಐದು ಗಜ ಹಿಂದಕ್ಕೆ ನೆಡುತ್ತಿದ್ದೇನೆ. ಈಗ 130 ದಾಟಿದೆ.