ಹಳೆಯ ಉಪ್ಪುನೀರಿನ ಅಕ್ವೇರಿಯಂ: ಅವಸರವಿಲ್ಲದೆ ಸುಧಾರಿಸಿದ ಬಗೆ

ಹುಬ್ಬಳ್ಳಿಯ ಕೇಶ್ವಾಪುರದ ಮನೆಯೊಂದರಿಂದ ನಾನು ಕೊಂಡು ತಂದ ಹವಳದ ಅಕ್ವೇರಿಯಂ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಒಂದೂವರೆ ಅಡಿ ಎತ್ತರದ್ದಾಗಿತ್ತು. ಒಳಗಿನ ಬಂಡೆಗಳು ಹಿಡಿದ ಜಾಗವನ್ನು ಕಳೆದು, ಕೆಳಗಿನ ಸಂಪಿನ, ಎಂದರೆ ನೀರು ಇಳಿದು ಶುದ್ಧವಾಗುವ ಎರಡನೆಯ ತೊಟ್ಟಿಯ, ನೀರನ್ನು ಕೂಡಿಸಿದರೆ ಒಟ್ಟು 220 ಲೀಟರಿನಷ್ಟು ನೀರು. ಮಾಲೀಕರಿಗೆ ಬೇರೆ ಊರಿಗೆ ವರ್ಗವಾಗಿ, ಮನೆಯಲ್ಲಿ ಉಳಿದವರು ಮೀನಿಗೆ ಆಹಾರ ಹಾಕುವುದನ್ನು, ಕಡಿಮೆಯಾದ ನೀರು ತುಂಬುವುದನ್ನು ಮಾತ್ರ ಬಿಡದೆ ನಡೆಸಿಕೊಂಡು ಬಂದಿದ್ದರು. ಗಾಜಿನ ಮೇಲೆ ಪಾಚಿ, ಬಂಡೆಗಳ ಮೇಲೆ ಕೂದಲಿನಂಥ ಹಸಿರು, ಮುಚ್ಚಳದ ಮೇಲೆ ಬಿಳಿ ಉಪ್ಪಿನ ಹೆಕ್ಕಳೆ, ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರಿನ ಬಟ್ಟಲಿನಲ್ಲಿ ಒಣಗಿ ಕಲ್ಲಾದ ಕೊಳೆ. ಇವುಗಳ ನಡುವೆ ಒಂದು ಜೋಡಿ ಕ್ಲೌನ್ ಮೀನು, ಮುದುಡಿಕೊಂಡ ದೊಡ್ಡದೊಂದು ಲೆದರ್ ಹವಳ, ಅರ್ಧಕ್ಕರ್ಧ ಮುಚ್ಚಿದ, ಪುಟ್ಟ ಹೂವಿನಂಥ ಹವಳಜೀವಿಗಳಾದ ಝೋವಾಂಥಿಡ್‌ಗಳು ಮತ್ತು ಬಣ್ಣಗೆಟ್ಟ ಕೆಲವು ಮಶ್ರೂಮ್ ಹವಳಗಳು ಜೀವ ಹಿಡಿದುಕೊಂಡಿದ್ದವು.

ಹಣ ಕೊಡುವ ಮೊದಲು ಒಂದು ಸಂಗತಿಯನ್ನು ಖಚಿತಪಡಿಸಿಕೊಂಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಕಲ್ಲುಹವಳಗಳು, ಕಪ್ಪು ಹವಳ, ಬೀಸಣಿಗೆ ಹವಳ ಇವೆಲ್ಲವೂ ಇವೆ. ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ ಇದೆ ಎಂಬುದು ಹವ್ಯಾಸಿಗಳಲ್ಲಿಯೇ ಅನೇಕರಿಗೆ ತಿಳಿದಿಲ್ಲ. ಈ ತೊಟ್ಟಿಯಲ್ಲಿ ಇದ್ದವುಗಳೆಲ್ಲ ಮೆದು ಜಾತಿಯವು. ಬಂಡೆಗಳು ಕೂಡ ಸಮುದ್ರದಿಂದ ಕಿತ್ತು ತಂದವಲ್ಲ, ಅರಗೊನೈಟ್ ಎಂಬ ಕ್ಯಾಲ್ಸಿಯಂ ಕಾರ್ಬೊನೇಟ್ ಖನಿಜದ ಪುಡಿಯನ್ನು ಸಿಮೆಂಟಿಗೆ ಬೆರೆಸಿ ಅಚ್ಚು ಹಾಕಿದವು. ಹಾಗಿರದಿದ್ದರೆ ನಾನು ಬರಿಗೈಯಲ್ಲಿ ಹಿಂದಿರುಗುತ್ತಿದ್ದೆ.

ಅಲ್ಲಿಯೇ ಕುಳಿತು ನೀರನ್ನು ಪರೀಕ್ಷಿಸಿದೆ. ಸಮುದ್ರದ ನೀರಿನಲ್ಲಿ ಸಾವಿರ ಭಾಗಕ್ಕೆ 35 ಭಾಗ ಇರಬೇಕಾದ ಲವಣಾಂಶ ಇಲ್ಲಿ 41ಕ್ಕೆ ಏರಿತ್ತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಮನೆಯವರು ಕಡಿಮೆಯಾದ ಮಟ್ಟವನ್ನು ಪ್ರತಿ ಸಲವೂ ಉಪ್ಪು ಬೆರೆಸಿದ ನೀರಿನಿಂದಲೇ ತುಂಬಿದ್ದರು. ನೈಟ್ರೇಟ್ 100 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 100 ಭಾಗ) ದಾಟಿತ್ತು, ಫಾಸ್ಫೇಟ್ 1 ಪಿಪಿಎಂಗಿಂತ ಹೆಚ್ಚಿತ್ತು, ಕ್ಷಾರತೆ ಮಾತ್ರ 5 ಡಿಕೆಎಚ್‌ಗೆ (ಕ್ಷಾರತೆಯ ಅಳತೆಯ ಮಾನ) ಕುಸಿದಿತ್ತು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ತಮ್ಮ ಕೆಲಸದಲ್ಲಿ ಕ್ಷಾರತೆಯನ್ನು ತಿನ್ನುತ್ತವೆಯಾದ್ದರಿಂದ, ಆಹಾರ ಬೀಳುತ್ತಲೇ ಇದ್ದು ನೀರು ಬದಲಾಗದ ತೊಟ್ಟಿಯಲ್ಲಿ ಈ ಎರಡು ಅಂಕಿಗಳು ಹೀಗೆ ಎದುರುಬದುರು ನಡೆಯುವುದು ಸಹಜ.

ಇಂಥ ಅಂಕಿಗಳನ್ನು ಕಂಡಾಗ ಎಲ್ಲ ನೀರನ್ನೂ ಚೆಲ್ಲಿ, ಹೊಸ ನೀರು ತುಂಬಿ, ಬಂಡೆಗಳನ್ನು ತಿಕ್ಕಿ ತೊಳೆದು ಶುರುಮಾಡಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ನಾನು ಅದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದೆ. ತಿಂಗಳುಗಟ್ಟಲೆ ಹದಗೆಡುತ್ತ ಬಂದ ನೀರಿಗೆ ಹವಳಗಳು ಹೇಗೋ ಒಗ್ಗಿಕೊಂಡಿರುತ್ತವೆ. ಅವುಗಳ ದೇಹದೊಳಗಿನ ಲವಣಾಂಶವು ಹೊರಗಿನ ನೀರಿನದ್ದೇ ಆಗಿರುವುದರಿಂದ, ಒಂದೇ ಗಂಟೆಯಲ್ಲಿ 41ರಿಂದ 35ಕ್ಕೆ ಇಳಿಸಿದರೆ ಜೀವಕೋಶಗಳು ನೀರು ಹೀರಿ ಉಬ್ಬಿ ಹಾಳಾಗಬಹುದು. ಮೀನುಗಳು ಈ ಇಳಿತವನ್ನು ತಾಳಿಕೊಂಡಾವು, ಹವಳಗಳು ತಾಳವು. ಕೆಟ್ಟ ಸ್ಥಿತಿಗಿಂತ ಸ್ಥಿತಿಯ ಹಠಾತ್ ಬದಲಾವಣೆಯೇ ಅವುಗಳಿಗೆ ಹೆಚ್ಚು ಅಪಾಯಕಾರಿ ಎಂಬ ತಿಳಿವಳಿಕೆಯ ಮೇಲೆಯೇ ಮುಂದಿನ ಎಲ್ಲ ಕೆಲಸವನ್ನು ರೂಪಿಸಿದೆ.

ಆದ್ದರಿಂದ ಹಳೆಯ ನೀರಿನ ಮೂರರಲ್ಲಿ ಎರಡು ಪಾಲನ್ನು ಡ್ರಮ್ಮುಗಳಲ್ಲಿ ತುಂಬಿ ಧಾರವಾಡದ ನನ್ನ ಮನೆಗೆ ಒಯ್ದೆ. ಉಳಿದ ಒಂದು ಪಾಲಿಗೆ ಬೇಕಾದ ಹೊಸ ನೀರನ್ನು ಮನೆಯಲ್ಲಿ ಮೊದಲೇ ಬೆರೆಸಿ, ಅದರ ಲವಣಾಂಶವನ್ನೂ ಬೇಕೆಂದೇ 41ಕ್ಕೆ ಹೊಂದಿಸಿ ಇಟ್ಟಿದ್ದೆ. ಬಂಡೆಗಳನ್ನು ನೀರಿನಲ್ಲಿ ಮುಳುಗಿಸಿಯೇ ಸಾಗಿಸಿದೆ, ಏಕೆಂದರೆ ತೊಟ್ಟಿಯ ಶುದ್ಧೀಕರಣ ಮಾಡುವ ಬ್ಯಾಕ್ಟೀರಿಯಾಗಳ ಬಹುಪಾಲು ಇರುವುದು ಅವುಗಳ ರಂಧ್ರಗಳಲ್ಲಿ, ನೀರಿನಲ್ಲಲ್ಲ. ಡ್ರಮ್ಮುಗಳನ್ನು ಏರಿಸಲು ಕೈಹಚ್ಚಿದ ಟೆಂಪೊ ಚಾಲಕರು ತಡೆಯಲಾರದೆ ಕೇಳಿಯೇಬಿಟ್ಟರು: "ಸರ್, ಮೀನ ಒಯ್ಯೂದು ತಿಳೀತು, ಈ ಹೊಲಸ ನೀರು ಯಾಕ ಒಯ್ಯಾಕತ್ತೀರಿ?" ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಹಳೆಯ ಮರಳನ್ನು ಮಾತ್ರ ತರಲಿಲ್ಲ. ಜೀವಿಗಳನ್ನೂ ಬಂಡೆಗಳನ್ನೂ ಹೊರತೆಗೆದ ಮೇಲೆಯೇ ಮರಳಿಗೆ ಕೈಹಾಕಿದೆ. ಮೇಲಿನ ಪದರ ಕಂದು, ಅದರ ಕೆಳಗೆ ಬೂದು, ತಳದಲ್ಲಿ ಗಾಜಿಗೆ ಅಂಟಿಕೊಂಡಂತೆ ಕಪ್ಪು ಗೆರೆ. ಪ್ಲಾಸ್ಟಿಕ್ ತಟ್ಟೆಯಿಂದ ಆ ಕಪ್ಪನ್ನು ಕೆರೆದ ಕೂಡಲೇ ಕೊಳೆತ ಮೊಟ್ಟೆಯ ನಾತ ಪಡಸಾಲೆಯನ್ನೆಲ್ಲ ತುಂಬಿತು. ಆಮ್ಲಜನಕವಿಲ್ಲದ ತಳದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅದು, ನೀರಿಗೆ ಬೆರೆತರೆ ಮೀನುಗಳನ್ನು ಕೊಲ್ಲಬಲ್ಲದು. ಮುಂದೆ ಬಹಳ ಕಾಲ ತೊಟ್ಟಿಯ ತಳವನ್ನು ಬರಿದಾಗಿಯೇ ಇಟ್ಟೆ. ನೋಡಲು ಚೆಂದವಲ್ಲವಾದರೂ ಬಿದ್ದ ಕೊಳೆ ಕಣ್ಣಿಗೆ ಕಾಣುತ್ತದೆ, ಪೈಪಿನಿಂದ ಎಳೆದು ತೆಗೆಯಲು ಬರುತ್ತದೆ.

ಝೋವಾಂಥಿಡ್‌ಗಳ ಬಗ್ಗೆ ಇಲ್ಲಿ ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಇವುಗಳಲ್ಲಿ ಹಲವು, ವಿಶೇಷವಾಗಿ ಪ್ಯಾಲಿಥೋವಾ ಜಾತಿಯವು, ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವನ್ನು ಹೊಂದಿರುತ್ತವೆ. ಅವು ಅಂಟಿದ ಬಂಡೆಯನ್ನು ಕುದಿಸುವುದಾಗಲಿ, ಬಿಸಿನೀರು ಸುರಿಯುವುದಾಗಲಿ, ಬ್ರಷ್ಷಿನಿಂದ ತಿಕ್ಕಿ ಹನಿ ಹಾರಿಸುವುದಾಗಲಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲ ಕೆಲಸ. ಆವಿಯ ಮೂಲಕ ಶ್ವಾಸಕೋಶವನ್ನು ಸೇರಿದಾಗ ಅದರ ಅಪಾಯ ಹೆಚ್ಚು. ನಾನು ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಬಂಡೆಯನ್ನು ನೀರೊಳಗೇ ಇಟ್ಟು ಪಾಚಿಯನ್ನು ಕೈಯಿಂದ ಬಿಡಿಸಿದೆ. ಆ ಹೊತ್ತಿನಲ್ಲಿ ಮಕ್ಕಳನ್ನು ಆ ಕೋಣೆಗೆ ಬಿಡಲಿಲ್ಲ.

ಇನ್ನು ನೀರಿನ ಮಾತು. ಧಾರವಾಡದ ಅನೇಕ ಬಡಾವಣೆಗಳ ನಳಗಳಿಗೆ ಮಲಪ್ರಭೆಯ ನೀರು ದಿನ ಬಿಟ್ಟು ದಿನವೋ ಇನ್ನೂ ತಡವಾಗಿಯೋ ಬರುತ್ತದೆ. ಅದು ನಿಂತಾಗ ಬೋರಿನ ಗಡಸು ನೀರೇ ಗತಿ. ಕುಡಿಯುವ ನೀರಿನ ಆರ್‌ಒ ಯಂತ್ರ ಟಿಡಿಎಸ್ (ನೀರಿನಲ್ಲಿ ಕರಗಿದ ವಸ್ತುಗಳ ಪ್ರಮಾಣ) ಅನ್ನು 40ರ ಆಸುಪಾಸಿಗೆ ತರುತ್ತದೆ, ಅದು ನಮಗೆ ಸಾಕು, ಹವಳಕ್ಕೆ ಸಾಲದು. ಉಳಿದ ಆ 40ರಲ್ಲಿ ಸಿಲಿಕೇಟ್ ಮತ್ತು ನೈಟ್ರೇಟ್ ಸೇರಿದ್ದರೆ ಪಾಚಿಗೆ ನಾವೇ ಗೊಬ್ಬರ ಹಾಕಿದಂತಾಗುತ್ತದೆ. ಆದಕಾರಣ ಆರ್‌ಒ ಆದ ಮೇಲೆ, ಉಳಿದ ಲವಣಗಳನ್ನು ಹೀರುವ ಡಿಐ ರೆಸಿನ್ ತುಂಬಿದ ಎರಡು ನಳಿಗೆಗಳನ್ನು ಜೋಡಿಸಿ ಮೀಟರಿನಲ್ಲಿ ಸೊನ್ನೆ ಬರುವಂತೆ ಮಾಡಿಕೊಂಡೆ. ಮೇಲಿನ ಟಾಕಿಯ ಒತ್ತಡ ಸಾಲದ್ದರಿಂದ ಬೂಸ್ಟರ್ ಪಂಪು ಬೇಕಾಯಿತು. ಯಂತ್ರ ಹೊರಬಿಡುವ ನೀರು ನೆಲ ಒರೆಸಲು, ಗಾಡಿ ತೊಳೆಯಲು ಹೋಗುತ್ತದೆ.

ಕಾರವಾರದಿಂದಲೇ ಸಮುದ್ರದ ನೀರು ತರಬಾರದೇಕೆ ಎಂದು ಕೇಳುವವರು ಬಹಳ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರೇ ತಮ್ಮ ಸಾಗರ ಜೀವವಿಜ್ಞಾನ ವಿಭಾಗವನ್ನು ಕಾರವಾರದ ಕೋಡಿಬಾಗದಲ್ಲಿ ಇಟ್ಟುಕೊಂಡಿದ್ದಾರೆ, ಸಮುದ್ರವನ್ನು ಇಲ್ಲಿಗೆ ತಂದಿಲ್ಲ. ತಮಾಷೆಯನ್ನು ಬಿಟ್ಟು ಹೇಳುವುದಾದರೆ, ಕಾಳಿ ನದಿ ಸೇರುವ ಆ ದಡದ ನೀರಿನ ಲವಣಾಂಶ ಮಳೆಗಾಲದಲ್ಲಿ ಬಹಳ ಕೆಳಗಿಳಿಯುತ್ತದೆ, ಮಣ್ಣೂ ಬೆರೆತಿರುತ್ತದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿಸಿಕೊಳ್ಳುವ ಅಕ್ವೇರಿಯಂ ಉಪ್ಪಿನ ಡಬ್ಬಿಯಲ್ಲಿ ಆ ಏರಿಳಿತವಿಲ್ಲ.

ಲವಣಾಂಶವನ್ನು ಇಳಿಸಿದ ಲೆಕ್ಕ ಸರಳವಾದದ್ದು. 220 ಲೀಟರನ್ನು 41ರಿಂದ ಭಾಗಿಸಿದರೆ ಸುಮಾರು 5.4 ಲೀಟರ್ ಬರುತ್ತದೆ. ಅಷ್ಟು ತೊಟ್ಟಿಯ ನೀರನ್ನು ತೆಗೆದು ಅಷ್ಟೇ ಶುದ್ಧ ನೀರನ್ನು ಸಂಪಿಗೆ ನಿಧಾನವಾಗಿ ಬಿಟ್ಟರೆ ಲವಣಾಂಶ 40ಕ್ಕೆ ಬಂದು ನಿಲ್ಲುತ್ತದೆ. ಹೀಗೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಇಳಿಸಲಿಲ್ಲ, ಹವಳಗಳು ಮುದುಡಿದ ದಿನ ಅದನ್ನೂ ಮಾಡಲಿಲ್ಲ. ಅಳತೆಗೆ ತೇಲುವ ಹೈಡ್ರೋಮೀಟರನ್ನು ನೆಚ್ಚದೆ, ಬೆಳಕು ಬಾಗುವುದರಿಂದ ಲವಣಾಂಶ ಅಳೆಯುವ, 35ರ ದ್ರಾವಣದಿಂದ ಸರಿಹೊಂದಿಸಿದ ರಿಫ್ರ್ಯಾಕ್ಟೋಮೀಟರನ್ನು ಬಳಸಿದೆ. ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದ ಅಗ್ಗದ ಉಪಕರಣಗಳು ಅನೇಕ ವೇಳೆ 35ರ ಹತ್ತಿರ ತಪ್ಪು ತೋರಿಸುತ್ತವೆ. ಕ್ಷಾರತೆಯನ್ನು ಏರಿಸುವ ಕೆಲಸ ಅದಾದ ಮೇಲಿನದು. ಇದಕ್ಕೆ ದುಬಾರಿ ದ್ರಾವಣಗಳು ಬೇಕಿಲ್ಲ, ಕಿರಾಣಿ ಅಂಗಡಿಯ ಅಡುಗೆ ಸೋಡಾ ಸಾಕು, ಬೇಕಿಂಗ್ ಪೌಡರ್ ಅಲ್ಲ. ನನ್ನ ತೊಟ್ಟಿಗೆ 3.3 ಗ್ರಾಂ ಸೋಡಾ ಕ್ಷಾರತೆಯನ್ನು ಅರ್ಧ ಡಿಕೆಎಚ್ ಏರಿಸುತ್ತದೆ, ಅದೇ ದಿನದ ಮಿತಿ. 8ಕ್ಕೆ ಬಂದ ಮೇಲೆ ನಿಲ್ಲಿಸಿದೆ.

ಫಾಸ್ಫೇಟ್ ಮಾತ್ರ ಬಹುಕಾಲ ಸತಾಯಿಸಿತು. ನೀರು ಬದಲಿಸಿದ ಸಂಜೆ ಅಂಕಿ ಇಳಿಯುತ್ತಿತ್ತು, ಎರಡು ಮೂರು ದಿನಗಳಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಬಂದು ಕೂರುತ್ತಿತ್ತು. ಬಂಡೆಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಫಾಸ್ಫೇಟನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ, ಸುತ್ತಲ ನೀರು ಶುದ್ಧವಾದಾಗ ಬಿಟ್ಟುಕೊಡುತ್ತದೆ. ಹಳೆಯ ಸಾಲದ ಬಡ್ಡಿಯಂತೆ ಬಂಡೆಗಳು ವರ್ಷಗಳ ಆಹಾರದ ಲೆಕ್ಕವನ್ನು ಸ್ವಲ್ಪ ಸ್ವಲ್ಪವಾಗಿ ವಸೂಲು ಮಾಡುತ್ತಿದ್ದವು. ಹವಳ ಅಂಟಿರದ ಬಂಡೆಗಳನ್ನು ಮುಚ್ಚಳವಿರುವ ಡ್ರಮ್ಮಿಗೆ ಹಾಕಿ, ಉಪ್ಪುನೀರು ತುಂಬಿ, ಪಂಪು ಮತ್ತು ಹೀಟರ್ ಇಟ್ಟು ವಾರಗಟ್ಟಲೆ ಕತ್ತಲಲ್ಲಿರಿಸಿದೆ. ಬೆಳಕಿಲ್ಲದೆ ಪಾಚಿ ಸತ್ತುಹೋಯಿತು, ರಂಧ್ರಗಳಲ್ಲಿದ್ದ ಕೊಳೆ ಕೆಳಗೆ ಉದುರಿತು, ಆ ನೀರನ್ನು ಆಗಾಗ ಬದಲಿಸಿದೆ. ಮುಖ್ಯ ತೊಟ್ಟಿಯಲ್ಲಿ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು, ಹೊರಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲುಭಾಗದಷ್ಟೇ, ಚೀಲದಲ್ಲಿ ಕಟ್ಟಿ ಇಟ್ಟೆ. ಫಾಸ್ಫೇಟನ್ನೂ ನೈಟ್ರೇಟನ್ನೂ ಸೊನ್ನೆಗೆ ಇಳಿಸುವುದು ಗುರಿಯಾಗಿರಲಿಲ್ಲ. ಮೆದು ಹವಳಗಳಿಗೆ ಅವು ಸ್ವಲ್ಪ ಬೇಕು, ಎರಡೂ ಪೂರ್ತಿ ಬರಿದಾದ ತೊಟ್ಟಿಗೆ ಡೈನೋಫ್ಲ್ಯಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಲೋಳೆ ನುಗ್ಗಬಹುದು. ನೈಟ್ರೇಟ್ 10ರ ಆಸುಪಾಸು, ಫಾಸ್ಫೇಟ್ 0.1ಕ್ಕಿಂತ ಸ್ವಲ್ಪ ಕೆಳಗೆ ಇದ್ದರೆ ನನಗೆ ನೆಮ್ಮದಿ.

ಬೆಳಕಿನ ವಿಷಯದಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಅಂಶವಿದೆ. ಉಪ್ಪು ಕಟ್ಟಿದ ಮುಚ್ಚಳದ ಗಾಜನ್ನು ವಿನೆಗರಿನಿಂದ ತೊಳೆದ ಮಾತ್ರಕ್ಕೆ ಹವಳಗಳಿಗೆ ತಲುಪುವ ಬೆಳಕು ಎಷ್ಟೋ ಪಾಲು ಹೆಚ್ಚುತ್ತದೆ. ಮಬ್ಬಿಗೆ ಒಗ್ಗಿದ ಹವಳ ಅದಕ್ಕೆ ಬಿಳಚಿಕೊಳ್ಳಬಹುದು. ಗಾಜು ತೊಳೆದ ದಿನವೇ ಎಲ್‌ಇಡಿಯ ಪ್ರಖರತೆಯನ್ನು ಮೂರನೆಯ ಒಂದು ಪಾಲಿಗೆ ತಗ್ಗಿಸಿ, ವಾರಕ್ಕಿಷ್ಟು ಎಂದು ಏರಿಸುತ್ತ ಹೋದೆ.

ಲೆದರ್ ಹವಳದ ಬುಡದಲ್ಲಿ ಒಂದು ಕಡೆ ಕಂದುಬಣ್ಣದ ಕೊಳೆತ ಭಾಗವಿತ್ತು. ಹೊಸ ಬ್ಲೇಡಿನಿಂದ ಕೊಳೆತದ್ದನ್ನು, ಅದರ ಅಂಚಿನ ಒಂದಿಷ್ಟು ಗಟ್ಟಿ ಮಾಂಸದ ಸಮೇತ, ಕತ್ತರಿಸಿ ತೆಗೆದು, ಗಾಯಕ್ಕೆ ಪಂಪಿನ ಹರಿವು ಚೆನ್ನಾಗಿ ತಾಗುವಂತೆ ನಿಲ್ಲಿಸಿದೆ. ಇಂಥ ಹವಳಗಳು ಪೆಟ್ಟಾದಾಗ ಟರ್ಪೀನ್ ಎಂಬ ರಾಸಾಯನಿಕಗಳನ್ನು ನೀರಿಗೆ ಬಿಡುವುದರಿಂದ ಸಂಪಿನಲ್ಲಿ ಹೊಸ ಸಕ್ರಿಯ ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಇಡುವುದು ಅವಶ್ಯ. ಆಮೇಲೆ ಅದು ತೊಗಲಿನ ಚೀಲದಂತೆ ಮುಚ್ಚಿಕೊಂಡು, ಮೈಮೇಲೆ ಮೇಣದಂಥ ಹೊಳಪನ್ನು ತಂದುಕೊಂಡಿತು. ನೋಡಿದವರು ಸತ್ತಿತೆಂದೇ ಹೇಳಿದರು. ಆದರೆ ಮೈಮೇಲೆ ಕೂತ ಪಾಚಿಯನ್ನೂ ಕೊಳೆಯನ್ನೂ ಕಳಚಿಹಾಕಲು ಅದು ಮಾಡುವ ಕ್ರಮವೇ ಹಾಗೆ. ಒಂದು ಬೆಳಗ್ಗೆ ಆ ಪೊರೆ ಒಂದು ಅಂಚಿನಿಂದ ಎದ್ದು, ಹರಿವಿನಲ್ಲಿ ಪಟಪಟನೆ ಬಡಿದುಕೊಂಡು, ಹಾಳೆಹಾಳೆಯಾಗಿ ಹರಿದುಹೋಯಿತು. ಅದರ ಕೆಳಗಿನ ಹಳದಿ ಚರ್ಮದಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಎದ್ದಿದ್ದವು, ಮಧ್ಯಾಹ್ನದ ಹೊತ್ತಿಗೆ ಅವೇ ಎಸಳು ಬಿಚ್ಚಿದ ಪಾಲಿಪ್‌ಗಳಾದವು.

ಬಿಸಿಲುಗಾಲಕ್ಕೆ ನೀರು ತಣಿಸುವ ಚಿಲ್ಲರ್ ಕೊಳ್ಳಬೇಕಾದೀತೆಂಬ ಅಂಜಿಕೆಯಿತ್ತು. ಏಪ್ರಿಲಿನ ಮಧ್ಯಾಹ್ನಗಳಲ್ಲಿ ತೊಟ್ಟಿಯ ನೀರು 30 ಡಿಗ್ರಿ ಮುಟ್ಟುತ್ತಿತ್ತು. ಸಂಪಿನ ಮೇಲೆ ಕಂಪ್ಯೂಟರಿನ ಎರಡು ಸಣ್ಣ ಫ್ಯಾನುಗಳನ್ನು ಕೂರಿಸಿದ ಮೇಲೆ ಅದು 27ಕ್ಕೆ ಬಂದು ನಿಂತಿತು. ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆ, ಗಾಳಿ ಒಣಗಿದ್ದಷ್ಟೂ ಹೆಚ್ಚು ಒಯ್ಯುತ್ತದೆ. ಕರಾವಳಿಯ ಜಿಗಿ ಗಾಳಿಯಲ್ಲಿ ಇದೇ ಫ್ಯಾನುಗಳು ಇಷ್ಟು ಕೆಲಸ ಮಾಡುವುದಿಲ್ಲ, ಈ ಒಂದು ವಿಷಯದಲ್ಲಿ ಸಮುದ್ರದಿಂದ ದೂರವಿರುವುದೇ ನಮಗೆ ಲಾಭ. ಆದರೆ ದಿನಕ್ಕೆ ಮೂರು ನಾಲ್ಕು ಲೀಟರ್ ಶುದ್ಧ ನೀರನ್ನು ತುಂಬಬೇಕಾಗುತ್ತದೆ, ಅದಕ್ಕೆ ತೇಲುಗುಂಡಿಯಿರುವ ಸ್ವಯಂಚಾಲಿತ ಪಂಪು ಬೇಕೇ ಬೇಕು. ಕರೆಂಟು ಹೋದಾಗ ನೀರನ್ನು ಅಲ್ಲಾಡಿಸುವ ಡಿಸಿ ಪಂಪೊಂದನ್ನು ಮಾತ್ರ ಇನ್ವರ್ಟರಿಗೆ ಕೊಟ್ಟಿದ್ದೇನೆ. ಬೆಳಕು ಮತ್ತು ಹೀಟರ್ ಕೆಲ ಗಂಟೆ ಇಲ್ಲದಿದ್ದರೂ ನಡೆಯುತ್ತದೆ, ಆಮ್ಲಜನಕ ಇಲ್ಲದಿದ್ದರೆ ನಡೆಯದು.

ಪೂರ್ತಿ ಹೋಗದೆ ಉಳಿದದ್ದು ಏಪ್ಟೇಸಿಯಾ ಒಂದೇ. ಅರೆಪಾರದರ್ಶಕವಾದ, ಹೂವಿನಂಥ ಈ ಕಂದು ಅನಿಮೋನ್ ಜೀವಿ ಪಕ್ಕದ ಹವಳಗಳನ್ನು ಕುಟುಕುತ್ತದೆ, ಕಿತ್ತರೆ ಉಳಿದ ಚೂರುಗಳಿಂದಲೇ ಹೊಸದಾಗಿ ಹುಟ್ಟುತ್ತದೆ. ಆದ್ದರಿಂದ ಕೀಳದೆ, ಪಂಪುಗಳನ್ನು ನಿಲ್ಲಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಗಟ್ಟಿ ಹಿಟ್ಟನ್ನು ಸಿರಿಂಜಿನಿಂದ ಅದರ ಬಾಯಿಯ ಮೇಲೆಯೇ ಇಟ್ಟೆ. ಒಂದು ಸಲಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮುಟ್ಟಿದರೆ ನೀರಿನ ಪಿಎಚ್ ಏರುತ್ತದೆ. ಸಿರಿಂಜು ತಲುಪದ ಸಂದುಗಳಿಗೆಂದು ಪೆಪ್ಪರ್‌ಮಿಂಟ್ ಸಿಗಡಿಗಳನ್ನು ತರಿಸಿದೆ, ಅವು ರಾತ್ರಿಯ ಹೊತ್ತು ಸಣ್ಣವನ್ನು ತಿನ್ನುತ್ತವೆ, ದೊಡ್ಡವುಗಳ ಗೊಡವೆಗೆ ಹೋಗುವುದಿಲ್ಲ. ನೀರು ಸಂಪಿಗೆ ಇಳಿಯುವ ಪೆಟ್ಟಿಗೆಯ ಹಿಂಬದಿಯಲ್ಲಿ ಕೆಲವು ಈಗಲೂ ಇವೆ. ಅವುಗಳನ್ನು ಮುಟ್ಟಬೇಕಾದರೆ ಪೆಟ್ಟಿಗೆಯನ್ನೇ ಬಿಚ್ಚಬೇಕು, ಅದಕ್ಕೆ ತೊಟ್ಟಿಯನ್ನು ಅರ್ಧ ಖಾಲಿ ಮಾಡಬೇಕು. ಅಲ್ಲಿ ಹವಳಗಳಿಲ್ಲದ ಕಾರಣ ಸದ್ಯಕ್ಕೆ ಅವುಗಳನ್ನು ಹಾಗೆಯೇ ಬಿಟ್ಟಿದ್ದೇನೆ.