ಕೋನ್ ಫಿಲ್ಟರ್ ಹಾಕಿ ಬೆಂದ ಗಾಳಿ ಕುಡಿಸಿದ್ದು

ನಮ್ದು 2012ರ ಪೆಟ್ರೋಲ್ ಸೆಡಾನು, 1.5 ಲೀಟರ್, ಮ್ಯಾನುಯಲ್ ಗೇರು, ವಾರಂಟಿ ಮುಗಿದು ಯಾವ ಕಾಲ ಆಯ್ತೋ. ಮಂಗಳೂರಿಗೆ ಹೋದಾಗೆಲ್ಲ ಒಂದು ವಿಷ್ಯ ಗಮನಿಸ್ತಿದ್ದೆ, ಶಿರಾಡಿ ಘಾಟಿ ಇಳಿದ ಮೇಲೆ ಗಾಡಿ ಚೆನ್ನಾಗಿ ಎಳೆಯತ್ತೆ, ವಾಪಸ್ ಬೆಂಗಳೂರಿಗೆ ಬಂದ್ರೆ ಮತ್ತೆ ಅದೇ ಮಂಕು. ಕಾರಣ ಸಿಂಪಲ್ಲು, ನಾವಿರೋದು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲೆ, ಗಾಳಿ ಹತ್ತು ಪರ್ಸೆಂಟ್ ಹತ್ರತ್ರ ತೆಳು, ಟರ್ಬೋ, ಅಂದ್ರೆ ಗಾಳೀನ ಒತ್ತಿ ತುಂಬೋ ಪಂಪು, ಇಲ್ಲದ ಎಂಜಿನ್‌ಗೆ ಅಷ್ಟು ಉಸಿರು ಕಮ್ಮಿ. ಹಂಗಾದ್ರೆ ಇನ್ನೊಂಚೂರು ಸಲೀಸಾಗಿ ಉಸಿರಾಡೋ ಹಾಗೆ ಮಾಡೋಣ ಅಂತ ಏಪ್ರಿಲ್‌ನಲ್ಲಿ ಜೆಸಿ ರೋಡಿಗೆ ಹೋಗಿ ಎಂಜಿನ್ ಗಾಳಿ ಎಳ್ಕೊಳೋ ದಾರಿ ಬದಲಾಯಿಸೋ, ಯಾವ ಗಾಡಿಗಾದ್ರೂ ಹಾಕೋ ಯೂನಿವರ್ಸಲ್ ಕಿಟ್ ಒಂದು ತಂದೆ. ಕೆಂಪು ಎಣ್ಣೆ ಸವರಿದ ಕಾಟನ್ ಕೋನ್ ಫಿಲ್ಟರು, 3 ಇಂಚಿನ ಅಲ್ಯೂಮಿನಿಯಂ ಪೈಪು, ಸಿಲಿಕಾನ್ ಜಾಯಿಂಟು, ನಾಲ್ಕು ಕ್ಲಾಂಪು.

ಬಿಚ್ಚೋದು ಏನೂ ಕಷ್ಟ ಇಲ್ಲ. ಮೊದಲು ಬ್ಯಾಟರಿ ನೆಗೆಟಿವ್ ತೆಗೀರಿ, 10 ನಂಬರ್ ಸ್ಪ್ಯಾನರ್ ಸಾಕು. ಆಮೇಲೆ ಏರ್ ಬಾಕ್ಸ್ (ಕಂಪನಿ ಫಿಲ್ಟರ್ ಕೂರೋ ಡಬ್ಬ) ಕ್ಲಿಪ್ಪು, ಎರಡು ಬೋಲ್ಟು, ಒಳಗೆ ಹೋಗೋ ಗಾಳಿ ಅಳೆಯೋ ಮಾಫ್ ಸೆನ್ಸರ್ ಸಾಕೆಟ್ಟು, ಎಂಜಿನ್ ಮೇಲಿನ ವಾಲ್ವ್ ಕವರಿಂದ ಎಣ್ಣೆ ಹಬೆ ತರೋ ಬ್ರೀದರ್ ಹೋಸು. ಈ ಬ್ರೀದರ್ ಹೋಸನ್ನ ಕೆಲವರು ಹಂಗೇ ಗಾಳಿಗೆ ಬಿಟ್ಟು ಪುಟಾಣಿ ಫಿಲ್ಟರ್ ಸಿಕ್ಕಿಸ್ತಾರೆ, ಬೇಡ, ಬಾನೆಟ್ ಒಳಗೆಲ್ಲ ಎಣ್ಣೆ ವಾಸ್ನೆ ಬರತ್ತೆ, ಹೊಸ ಪೈಪಲ್ಲೇ ಅದಕ್ಕೊಂದು ಮೂತಿ ಇರತ್ತೆ, ಅಲ್ಲಿಗೇ ಹಾಕಿ. ಒಂದೂವರೆ ಗಂಟೇಲಿ ಕೆಲಸ ಮುಗೀತು. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದ್ರೆ ಆಹಾ, ಬುಸ್ ಅಂತ ಎಳ್ಕೊಳೋ ಸೌಂಡು. ಅಪ್ಪ ಬಾಲ್ಕನಿಯಿಂದ ಬಗ್ಗಿ "ಏನೋ ಅದು, ಸೀಮೆಎಣ್ಣೆ ಸ್ಟವ್‌ಗೆ ಪಂಪ್ ಹೊಡ್ದಂಗೆ ಕೇಳ್ತಿದೆ" ಅಂದ್ರು.

ಮೊದಲ ನಾಲ್ಕು ದಿನ ಗಾಡಿ ರಾಕೆಟ್ ಆಗಿದೆ ಅಂತಾನೇ ನಂಬಿದ್ದೆ. ಐದನೇ ದಿನ ಚೆಕ್ ಎಂಜಿನ್ ಲೈಟ್ ಹತ್ಕೊಳ್ತು. ನನ್ ಹತ್ರ ಗಾಡಿ ಕಂಪ್ಯೂಟರಿನ ಎರರ್ ಕೋಡ್ ಓದೋ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಇತ್ತು, ಚುಚ್ಚಿ ಮೊಬೈಲಲ್ಲಿ ನೋಡಿದ್ರೆ ಕೋಡ್ ಪಿ0171, ಅಂದ್ರೆ ಮಿಕ್ಸ್ಚರ್ ಲೀನ್, ಪೆಟ್ರೋಲ್ ಸಾಲ್ತಿಲ್ಲ ಅಂತ. ಎಲ್ಲೋ ಗಾಳಿ ಲೀಕ್ ಇರಬೇಕು ಅಂತ ಎಲ್ಲಾ ಕ್ಲಾಂಪ್ ಬಿಗಿ ಮಾಡಿದೆ, ಕೋಡ್ ಅಳಿಸಿದೆ, ಎರಡೇ ದಿನಕ್ಕೆ ಮತ್ತೆ ಹಾಜರು. ಕೊನೆಗೆ ಹೊಳೀತು, ತಪ್ಪು ಪೈಪಿನ ಸೈಜಲ್ಲಿದೆ. ಮಾಫ್ ಸೆನ್ಸರ್ ಅಳೆಯೋದು ತನ್ನ ಮುಂದೆ ಹಾದುಹೋಗೋ ಗಾಳೀನ ಮಾತ್ರ, ಒಟ್ಟು ಗಾಳಿ ಎಷ್ಟು ಅನ್ನೋದನ್ನ ಈಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರು, ಕಂಪನಿ ಪೈಪಿನ ಅಳತೆ ಮೇಲೆ ಲೆಕ್ಕ ಹಾಕತ್ತೆ. ನಾನು ಅದೇ ಸೆನ್ಸರನ್ನ ದಪ್ಪ ಪೈಪಲ್ಲಿ ಕೂರಿಸಿದ್ದೆ. ಪೈಪಿನ ವ್ಯಾಸ ಹತ್ತು ಪರ್ಸೆಂಟ್ ಜಾಸ್ತಿ ಆದ್ರೆ ಬಾಯಿ ಇಪ್ಪತ್ತೊಂದು ಪರ್ಸೆಂಟ್ ಅಗಲ ಆಗತ್ತೆ, ಗಾಳಿ ಅದಕ್ಕೆ ತಕ್ಕ ಹಾಗೆ ನಿಧಾನ ಆಗಿ ಸೆನ್ಸರ್ ಕಮ್ಮಿ ತೋರ್ಸತ್ತೆ, ಅದನ್ನ ನಂಬಿ ಈಸಿಯು ಪೆಟ್ರೋಲೂ ಕಮ್ಮಿ ಬಿಡತ್ತೆ. ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್, ಅಂದ್ರೆ ಮೊದಲ ಲೆಕ್ಕ ಸರಿದೂಗಿಸೋಕೆ ಪೆಟ್ರೋಲ್ ಎಷ್ಟು ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಅಂಕಿ, ನೋಡಿದ್ರೆ ಪ್ಲಸ್ 17 ಪರ್ಸೆಂಟಲ್ಲಿ ಕೂತಿತ್ತು, ಅಂದ್ರೆ ಈಸಿಯು ಪಾಪ ಅಷ್ಟು ಪೆಟ್ರೋಲ್ ಮೇಲಿಂದ ಸೇರಿಸಿ ಸೇರಿಸಿ ಸುಸ್ತಾಗಿತ್ತು.

ಶಿವಾಜಿನಗರದ ಗುಜರೀಲಿ ನಮ್ಮ ಗಾಡೀದೇ ಹಳೇ ಏರ್ ಬಾಕ್ಸ್ ಮುಚ್ಚಳ ಸಿಕ್ತು, ಚೌಕಾಸಿ ಮಾಡಿ 400 ರೂಪಾಯಿಗೆ ತಂದೆ. ಸೆನ್ಸರ್ ಕೂರೋ ಆ ಮೂತಿಯಷ್ಟನ್ನ ಹ್ಯಾಕ್ಸಾ ಬ್ಲೇಡಲ್ಲಿ ಕುಯ್ದು, ಉಪ್ಪುಕಾಗದದಲ್ಲಿ ಅಂಚು ಉಜ್ಜಿ, ಫಿಲ್ಟರಿಗೂ ಪೈಪಿಗೂ ಮಧ್ಯ ಸೇರಿಸಿದೆ. ಟ್ರಿಮ್ ಒಂದು ವಾರದಲ್ಲಿ ಪ್ಲಸ್ 3ಕ್ಕೆ ಇಳೀತು. ನನ್ನ ಕೇಳಿದ್ರೆ ಇಡೀ ಕೆಲಸದಲ್ಲಿ ದುಡ್ಡಿಗೆ ತಕ್ಕ ಬೆಲೆ ಬಂದಿದ್ದು ಆ 400 ರೂಪಾಯಿಗೆ ಮಾತ್ರ.

ಸ್ಕ್ಯಾನರ್ ಹೆಂಗೂ ಚುಚ್ಚಿದೀನಲ್ಲ ಅಂತ ಒಳಗೆ ಹೋಗೋ ಗಾಳಿಯ ಟೆಂಪರೇಚರ್ರೂ ನೋಡ್ತಾ ಹೋದೆ. ಹಳೇ ಬಾಕ್ಸ್ ಇದ್ದಾಗ ಸಿಲ್ಕ್ ಬೋರ್ಡ್ ಟ್ರಾಫಿಕಲ್ಲಿ ಮಧ್ಯಾಹ್ನ 44 ಡಿಗ್ರಿ ಬಂದಿದ್ದು ಬರ್ಕೊಂಡಿದ್ದೆ. ಈಗ ಅದೇ ಜಾಗ, ಅದೇ ಹೊತ್ತು, 66! ಬಾನೆಟ್ ಒಳಗೆ ಬೆಂದ ಗಾಳೀನೇ ಕೋನ್ ಕುಡೀತಿದೆ. ಬಿಸಿ ಗಾಳಿ ತೆಳು, 44ರಿಂದ 66ಕ್ಕೆ ಹೋದ್ರೆ ಆರೇಳು ಪರ್ಸೆಂಟ್ ಗಾಳಿ ಖೋತಾ, ಸಾಲ್ದು ಅಂತ ಈಸಿಯು ಇಗ್ನಿಷನ್ ಟೈಮಿಂಗೂ ಹಿಂದಕ್ಕೆ ತಳ್ಳತ್ತೆ, ಅಂದ್ರೆ ಕಿಡಿ ತಡವಾಗಿ ಹಚ್ಚತ್ತೆ, ಶಕ್ತಿ ಕಮ್ಮಿ. ಮೊದಲೇ ಹತ್ತು ಪರ್ಸೆಂಟ್ ಕಮ್ಮಿ ಇರೋ ಊರಲ್ಲಿ ನಾನು ಕಾಸು ಕೊಟ್ಟು ಇನ್ನಷ್ಟು ಕಮ್ಮಿ ಮಾಡ್ಕೊಂಡಿದ್ದೆ. ಕಂಪನಿ ಬಾಕ್ಸ್‌ಗೆ ಒಂದು ಉದ್ದ ಸೊಂಡಿಲು ಇರತ್ತಲ್ಲ, ನೋಡೋಕೆ ದಂಡ ಅನ್ಸತ್ತೆ, ಅದು ಗ್ರಿಲ್ ಹಿಂದಿಂದ ಹೊರಗಿನ ತಣ್ಣನೆ ಗಾಳಿ ತರ್ತಿತ್ತು.

ಸರಿ, ಅದನ್ನೇ ಕಾಪಿ ಹೊಡೆದೆ. ಚಪ್ಪಲಿ ಬಾಕ್ಸ್ ರಟ್ಟು ಕತ್ತರಿಸಿ ಅಳತೆ ತೆಗೆದು ಅಲ್ಯೂಮಿನಿಯಂ ಶೀಟಲ್ಲಿ ಫಿಲ್ಟರ್ ಸುತ್ತ ಮೂರು ಕಡೆ ಗೋಡೆ, ಮೇಲಂಚಿಗೆ ಬಾನೆಟ್‌ಗೆ ಒತ್ತೋ ಹಾಗೆ ರಬ್ಬರ್ ಬೀಡಿಂಗು, ಗ್ರಿಲ್ಲಿಂದ ಒಳಕ್ಕೆ ಅಡುಗೆಮನೆ ಚಿಮ್ನಿಗೆ ಹಾಕ್ತಾರಲ್ಲ ಆ ಸುಕ್ಕು ಸುಕ್ಕು ಪೈಪು. ಟ್ರಾಫಿಕಲ್ಲಿ 66 ಇದ್ದಿದ್ದು 49ಕ್ಕೆ ಬಂತು, ನೈಸ್ ರೋಡಲ್ಲಿ ಓಡ್ತಿರುವಾಗ ಹೊರಗಿನದಕ್ಕಿಂತ ಐದಾರು ಡಿಗ್ರಿ ಜಾಸ್ತಿ ಅಷ್ಟೆ. ಮೂರನೇ ಗೇರಲ್ಲಿ 40ರಿಂದ 80ಕ್ಕೆ ಎಷ್ಟು ಹೊತ್ತು ಅಂತ ಪಕ್ಕದಲ್ಲಿ ಭಾವನ್ನ ಕೂರಿಸ್ಕೊಂಡು ಹಳೇ ಬಾಕ್ಸಲ್ಲೂ ಇದರಲ್ಲೂ ಐದೈದು ಸಲ ನೋಡಿದ್ವಿ, ಅರ್ಧ ಸೆಕೆಂಡೂ ವ್ಯತ್ಯಾಸ ಇಲ್ಲ. ಭಾವ ಸ್ಟಾಪ್‌ವಾಚ್ ಆಫ್ ಮಾಡಿ, "ಸೌಂಡಿಗೆ ಅಂತ ಹೇಳಿಬಿಡು ಮಾರಾಯ, ತಪ್ಪೇನಿಲ್ಲ" ಅಂದ. ಹೂಂ, ಸೌಂಡಿಗೇನೇ.

ಧೂಳಿನ ವಿಷ್ಯ ಬೇರೆ. ನಮ್ಮ ಏರಿಯಾದಲ್ಲಿ ರೋಡ್ ಅಗೆದು ಮಣ್ಣು ಗುಡ್ಡೆ ಹಾಕಿ ತಿಂಗಳುಗಟ್ಟಲೆ ಆಗಿದೆ. 3,000 ಕಿಲೋಮೀಟರ್ ಆದ ಮೇಲೆ ಪೈಪ್ ಕಳಚಿ, ಫಿಲ್ಟರಿನ ಈಚೆ ಬದಿ, ಎಂಜಿನ್ ಕಡೆ, ಬಿಳಿ ಕರ್ಚೀಫಲ್ಲಿ ಒರೆಸಿದೆ. ತೆಳ್ಳಗೆ ಕಾವಿ ಬಣ್ಣದ ಪುಡಿ ಹತ್ಕೊಳ್ತು, ಬೆರಳಲ್ಲಿ ಉಜ್ಜಿದ್ರೆ ರಂಗೋಲಿ ಪುಡಿ ಥರ ಗರಗರ. ಪೇಪರ್ ಫಿಲ್ಟರ್ ಇದ್ದಾಗ ಹೀಗೆ ಒರೆಸಿದ್ರೆ ಕರ್ಚೀಫ್ ಹಂಗೇ ಇರ್ತಿತ್ತು. ತೊಳೆದು ಎಣ್ಣೆ ಹಾಕ್ದೆ, ಭಯದಲ್ಲಿ ಸ್ವಲ್ಪ ಜಾಸ್ತೀನೇ ಹಾಕ್ದೆ, ಆ ಎಣ್ಣೆ ಹಾರಿ ಮಾಫ್ ತಂತಿಗೆ ಅಂಟಿ ಗಾಡಿ ನಿಂತಾಗ ಎಂಜಿನ್ ಓಡೋ ಸ್ಪೀಡಲ್ಲಿ (ಐಡ್ಲಿಂಗ್) ಏರಿಳಿತ ಶುರು. ಮಾಫ್ ಕ್ಲೀನರ್ ಅಂತಾನೇ ಸ್ಪ್ರೇ ಸಿಗತ್ತೆ, ಅದನ್ನೇ ಹೊಡೀರಿ, ಕಾರ್ಬ್ಯುರೇಟರ್ ತೊಳೆಯೋ ಕಾರ್ಬ್ ಕ್ಲೀನರ್ ಹೊಡೆದು ಸೆನ್ಸರ್ ಹಾಳು ಮಾಡ್ಕೋಬೇಡಿ, ತಂತಿ ಮುಟ್ಟಬೇಡಿ, ಪೂರ್ತಿ ಒಣಗಿದ ಮೇಲೆ ಸಾಕೆಟ್ ಹಾಕಿ.

ಫಿಲ್ಟರನ್ನ ಬಂಪರ್ ಹತ್ರ ಕೆಳಗಿಳಿಸಿದ್ರೆ ಇನ್ನೂ ತಣ್ಣಗಿರತ್ತೆ ಅಂತ ನಮ್ಮ ಮೆಕ್ಯಾನಿಕ್ ಹುಡುಗ ಆಸೆ ತೋರ್ಸಿದ. ಬೇಡ ಗುರು ಅಂದೆ. ಇಲ್ಲಿ ಒಂದು ಗಂಟೆ ಮಳೆ ಬಂದ್ರೆ ಅಂಡರ್‌ಪಾಸಲ್ಲಿ ನೀರು ಮೊಣಕಾಲಿಗೆ, ಫಿಲ್ಟರ್ ನೀರು ಎಳ್ಕೊಂಡ್ರೆ ಸಿಲಿಂಡರ್‌ಗೆ ಹೋಗಿ ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್ ಬಗ್ಗತ್ತೆ, ನೀರನ್ನ ಪಿಸ್ಟನ್ ಅಮುಕೋಕೆ ಆಗಲ್ಲ.

ಈಗ ನನ್ನ ಏರ್ಪಾಡು ಹಿಂಗೆ: ಮಳೆ ಶುರುವಾದಾಗಿಂದ ಅಕ್ಟೋಬರ್ ಕೊನೆವರೆಗೂ ಕಂಪನಿ ಬಾಕ್ಸು, ಹೊಸ ಪೇಪರ್ ಫಿಲ್ಟರು, ಆಮೇಲೆ ಬೇಕಿದ್ರೆ ಕೋನು. ಕೈ ಪಳಗಿದೆ, ಬದಲಾಯಿಸೋಕೆ ಅರ್ಧ ಗಂಟೆ ಸಾಕು. ಅದಕ್ಕೇ ಹಳೇ ಬಾಕ್ಸ್ ಬಿಸಾಕಬೇಡಿ, ನಮ್ದು ಅಟ್ಟದಲ್ಲಿ ಅಮ್ಮನ ದಸರಾ ಗೊಂಬೆ ಪೆಟ್ಟಿಗೆ ಪಕ್ಕ ಇಟ್ಟಿದ್ದೆ. ಜೂನಲ್ಲಿ ಇಳಿಸಿ ನೋಡಿದ್ರೆ ಸೊಂಡಿಲಲ್ಲಿ ಹಲ್ಲಿ ಮೊಟ್ಟೆ ಇಟ್ಟಿತ್ತು, ಹಾಕೋ ಮುಂಚೆ ಒಳಗೊಂದು ಸಲ ಟಾರ್ಚ್ ಬಿಡಿ.